ಕೈಕೊಟ್ಟ ಹತಾರಗಳು: ಒಂದು ವಿವೇಚನೆ

ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಉಳಿ, ಸುತ್ತಿಗೆ, ತಿರುಪುಳಿಗಳ ವಿಷಯವಾಗಿ ಲೇಖನ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಹಣದುಬ್ಬರ, ನಿರುದ್ಯೋಗ ಮೊದಲಾದ ಗಂಭೀರ ವಿಷಯಗಳು ಇರುವಾಗ ಇದೇಕೆ ಎಂದು ಗುರುಗಳು ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿದೆ. ನಾನು ಬಡಗಿಯ ಮಗ. ನನ್ನ ಪುಸ್ತಕ, ಫೀಸು, ಮೆಟ್ರೋ ಕಾರ್ಡಿನ ಹಣ ಎಲ್ಲವೂ ಒಂದು ಹತಾರದ ಚೀಲದೊಳಗಿನಿಂದಲೇ ಬಂದದ್ದು. ಆ ಚೀಲಕ್ಕೆ ನಾನೇ ಒಂದು ಕೆಡುಕನ್ನು ಸೇರಿಸಿದೆನಾದ್ದರಿಂದ, ಅದು ಹೇಗಾಯಿತೆಂಬುದನ್ನು ಸ್ವಲ್ಪ ಓದಿ, ಸ್ವಲ್ಪ ಕೇಳಿ ತಿಳಿದುಕೊಂಡು ಇಲ್ಲಿ ನಿವೇದಿಸುತ್ತಿದ್ದೇನೆ.

ಎರಡು ವರ್ಷಗಳ ಹಿಂದಿನ ಮಾತು. ನನಗೆ ವಿದ್ಯಾರ್ಥಿವೇತನದ ಹಣ ಕೈಸೇರಿತ್ತು. ವಿಜಯನಗರದಲ್ಲಿ ನಮ್ಮ ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ಒಂದು ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೋಡಿಸಿದ ಹತಾರಗಳು: ಆರು ಉಳಿ, ನಾಲ್ಕು ತಿರುಪುಳಿ, ಒಂದು ಸುತ್ತಿಗೆ, ಒಂದು ಸ್ಕ್ರೂ ಸ್ಪ್ಯಾನರು, ಒಂದು ಕಟಿಂಗ್ ಪ್ಲೇಯರು. ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಬೆಲೆ 650 ರೂಪಾಯಿ. ಅಪ್ಪನ ಚೀಲದಲ್ಲಿದ್ದ ಉಳಿಗಳೋ, ನಾನು ಹುಟ್ಟುವ ಮೊದಲೇ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಲ್ಲಿ ಹಳೆಯ ಮಾಲಾಗಿ ಕೊಂಡವು. ಸಾಣೆ ಹಿಡಿದು ಹಿಡಿದು ಅರ್ಧಕ್ಕೆ ಸವೆದು, ಕಪ್ಪಾಗಿ, ನೋಡಲು ಬಡಪಾಯಿಗಳಂತಿದ್ದವು. ಡಬ್ಬಿಯನ್ನು ಕೊಂಡು ಮನೆಗೆ ಓಡಿದೆ. ಅಪ್ಪ ಒಂದು ಉಳಿಯನ್ನು ಎತ್ತಿ, ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಆನಿಸಿ ನೋಡಿದರು. ಒಂದು ಗಳಿಗೆ ಸುಮ್ಮನಿದ್ದು, “ಚೆನ್ನಾಗಿದೆ ಕಣೋ” ಎಂದರು. ಆ ಒಂದು ಗಳಿಗೆಯ ಮೌನದ ಅರ್ಥ ನನಗೆ ಆಗ ತಿಳಿಯಲಿಲ್ಲ.

ಹತ್ತನೆಯ ದಿನ ಅತ್ತಿಗುಪ್ಪೆಯ ಒಂದು ಮನೆಯಲ್ಲಿ ತೇಗದ ಬಾಗಿಲಿಗೆ ಬೀಗ ಕೂರಿಸುವ ಕಂಡಿಯನ್ನು ಕೊರೆಯುತ್ತಿದ್ದಾಗ ಹೊಸ ಉಳಿಯ ಬಾಯಿಯ ಒಂದು ಮೂಲೆ ಹಾರಿಹೋಯಿತು. ಮರವನ್ನು ಕಚ್ಚಬೇಕಾದ ಬಾಯಿ ಮುರಿದದ್ದರಿಂದ ಉಳಿ ಜಾರಿ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ನಾಲ್ಕು ಹೊಲಿಗೆ, ಹನ್ನೊಂದು ದಿನ ಕೆಲಸವಿಲ್ಲ. ದಿನಕ್ಕೆ 1,100 ರೂಪಾಯಿನ ಕೂಲಿಯಂತೆ ಹನ್ನೊಂದು ದಿನಕ್ಕೆ 12,100 ರೂಪಾಯಿ. ಬಾಗಿಲಿನ ಮೇಲೆ ಬಿದ್ದ ಗಾಯಕ್ಕಾಗಿ ಮನೆಯವರು ಹಿಡಿದುಕೊಂಡದ್ದು 1,500. ಔಷಧದ ಖರ್ಚನ್ನು ಬಿಟ್ಟರೂ 650 ರೂಪಾಯಿನ ಡಬ್ಬಿ ನಮಗೆ 14,250 ರೂಪಾಯಿಗೆ ಬಿದ್ದಂತಾಯಿತು. ತರಗತಿಯಲ್ಲಿ ಬೆಲೆಗೂ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ನಾನು ಎರಡು ಸಲ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಆಗ. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

“ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ” ಎಂಬ ಗಾದೆ ನಮ್ಮಲ್ಲಿದೆ. ಕೆಲಸ ಬಾರದವನು ಹತಾರವನ್ನು ದೂರುತ್ತಾನೆಂದು ಅನೇಕರು ಇದನ್ನು ಬಳಸುತ್ತಾರೆ. ಆದರೆ ಅಂಗಳವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಇವೆಯಲ್ಲ! ಮೂವತ್ತು ವರ್ಷ ಉಳಿ ಹಿಡಿದವರ ಕೈ ಒಂದು ಬೆಳಿಗ್ಗೆ ಕೆಲಸ ಮರೆತಿತೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿರಲಿಲ್ಲ. ಕೈ ಗುಣವಾದ ಮೇಲೆ ಅಪ್ಪನೂ ನಾನೂ ಡಬ್ಬಿಯನ್ನು ಎತ್ತಿಕೊಂಡು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿ, ತಾವರೆಕೆರೆಯ ಕಡೆ ಅಪ್ಪನಿಗೆ ಪರಿಚಯವಿದ್ದ ಒಬ್ಬ ಕಮ್ಮಾರರ ಕುಲುಮೆಗೆ ಹೋದೆವು. ತಿದಿಯ ಜಾಗದಲ್ಲಿ ಈಗ ವಿದ್ಯುತ್ತಿನ ಫ್ಯಾನು ಗಾಳಿ ಊದುತ್ತದೆ, ಮಿಕ್ಕದ್ದೆಲ್ಲ ಹಳೆಯದೇ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಅವರು ಮಚ್ಚು ಮಾಡುತ್ತಿದ್ದರು.

ಅವರು ಮೊದಲು ಮಾಡಿದ ಕೆಲಸ, ಆರು ಉಳಿಗಳ ಬಾಯ ಮೇಲೂ ಒಂದು ಅರವನ್ನು ಎಳೆದು ನೋಡಿದ್ದು. ಎರಡರ ಮೇಲೆ ಅರವು ಗಾಜಿನ ಮೇಲೆ ಜಾರಿದಂತೆ ಜಾರಿತು. ಮೂರರಲ್ಲಿ ಸೌತೆಕಾಯಿಗೆ ಕಚ್ಚಿದಂತೆ ಕಚ್ಚಿತು. ಒಂದು ಮಾತ್ರ ನಡುವಿನದು. “ನೋಡಪ್ಪ, ಒಂದೇ ಡಬ್ಬಿ, ಆರಕ್ಕೆ ಆರೂ ಬೇರೆ ಬೇರೆ ಹದ. ಇದನ್ನ ಇಟ್ಕೊಂಡು ನಿಮ್ಮಪ್ಪ ಹೇಗೆ ಕೆಲಸ ಮಾಡ್ತಾರೆ?” ಎಂದರು. ಆಮೇಲೆ ಮುರಿದ ಉಳಿಯನ್ನು ಪಟ್ಟಿಗೆ ಸಿಕ್ಕಿಸಿ ಇನ್ನೊಂದು ಚೂರನ್ನು ಸುತ್ತಿಗೆಯಿಂದ ಹಾರಿಸಿ, ಮುರಿದ ಮುಖವನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ದಪ್ಪ ಸಕ್ಕರೆಯ ಹರಳಿನಂತೆ ಮಿಣಮಿಣ ಹೊಳೆಯುತ್ತಿತ್ತು. ಒಳ್ಳೆಯ ಉಕ್ಕು ಮುರಿದರೆ ರೇಷ್ಮೆಯಂತೆ ಬೂದುಬಣ್ಣವಾಗಿ, ನುಣ್ಣಗೆ ಕಾಣಬೇಕಂತೆ. ಕಾಯಿಸುವವನು ಅವಸರದಲ್ಲಿ ಮಿತಿ ಮೀರಿ ಕಾಯಿಸಿದ್ದಾನೆ, ಆಮೇಲೆ ಹದ ಇಳಿಸದೆ ಹಾಗೆಯೇ ಬಿಟ್ಟಿದ್ದಾನೆ ಎಂದು ಅವರು ನಿರ್ಣಯ ಹೇಳಿದರು.

ಈ “ಹದ” ಎಂಬ ಮಾತಿನ ಹಿಂದಿನ ವಿಜ್ಞಾನವನ್ನು ನಾನು ಆಮೇಲೆ ಓದಿಕೊಂಡೆ. ಕಲಾ ವಿಭಾಗದ ಮಿತ್ರರಿಗಾಗಿ ಅದನ್ನು ಸರಳವಾಗಿ ಹೇಳುತ್ತೇನೆ. ಕಬ್ಬಿಣವನ್ನು ಉಕ್ಕಾಗಿಸುವುದು ಅದರಲ್ಲಿ ಸೇರಿರುವ ಇಂಗಾಲ. ಕಿಟಕಿಯ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಸುಮಾರು 0.2 ಪಾಲು ಇರುತ್ತದೆ. ಉಳಿಗೆ ಬೇಕಾದ ಉಕ್ಕಿನಲ್ಲಿ 0.6ರಿಂದ 1 ಪಾಲಿನವರೆಗೆ ಇರಬೇಕು. ಇಂಥ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ತಟ್ಟನೆ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಆದ್ದರಿಂದ ಎರಡನೆಯ ಸಲ ಹಗುರಾಗಿ, ಸುಮಾರು 200ರಿಂದ 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ಆ ಗಡಸುತನದಲ್ಲಿ ಸ್ವಲ್ಪವನ್ನು ಇಳಿಸಬೇಕು. ಉಜ್ಜಿದ ಉಕ್ಕಿನ ಮೈಮೇಲೆ ಆಗ ಬಣ್ಣಗಳು ಓಡುತ್ತವೆ. 220-230 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿಹಳದಿ, ಆಮೇಲೆ ಕಂದು, 280ರ ಆಸುಪಾಸಿನಲ್ಲಿ ನೇರಿಳೆ, 300ಕ್ಕೆ ನೀಲಿ. ಮರ ಕೆತ್ತುವ ಉಳಿಗೆ ಹುಲ್ಲಿನ ಬಣ್ಣ, ಕಬ್ಬಿಣ ಕಡಿಯುವ ಉಳಿಗೆ ನೇರಿಳೆ, ಬಾಗಿ ಬಳುಕಬೇಕಾದ ಸ್ಪ್ರಿಂಗಿಗೆ ನೀಲಿ. ಕಾರ್ಖಾನೆಯಲ್ಲಿ ಒಲೆಗೆ ಉಷ್ಣಮಾಪಕವಿರುತ್ತದೆ. ಕುಲುಮೆಯಲ್ಲಿ ಈ ಬಣ್ಣಗಳೇ ಉಷ್ಣಮಾಪಕ. ಸಾಣೆಚಕ್ರಕ್ಕೆ ಒತ್ತಿ ಹಿಡಿದು ಬಾಯಿ ನೀಲಿಯಾಗುವಂತೆ ಮಾಡಿಕೊಂಡರೆ ಒಳ್ಳೆಯ ಉಳಿಯೂ ಹಾಳಾಗುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ತಪ್ಪು ಮಾಡಿದವನದಲ್ಲ, ಹಿಡಿದವನದು.

ಕಮ್ಮಾರರು ನಮ್ಮ ಮುರಿದ ಉಳಿಯನ್ನು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿಯೇ ಆರಲು ಬಿಟ್ಟರು. ದಪ್ಪ ಹರಳು ಸಣ್ಣದಾಗಲು ಇದು ಉಪಾಯವಂತೆ. ನಾಲ್ಕನೆಯ ಸಲ ಕಾಯಿಸುವಾಗ ಒಂದು ಅಯಸ್ಕಾಂತವನ್ನು ಮುಟ್ಟಿಸಿ ಮುಟ್ಟಿಸಿ ನೋಡುತ್ತಿದ್ದು, ಅದು ಅಂಟುವುದನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಎಣ್ಣೆಗೆ ಅದ್ದಿದರು. ಕಬ್ಬಿಣವು 770 ಡಿಗ್ರಿಯ ಸುಮಾರಿಗೆ ಅಯಸ್ಕಾಂತಕ್ಕೆ ಸಿಕ್ಕದಂತಾಗುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಆ ಮೇಲೆ. ಕೊನೆಗೆ ಬೆನ್ನಿನ ಕಡೆಯಿಂದ ಹಗುರಾಗಿ ಕಾಯಿಸಿ, ಹುಲ್ಲಿನ ಬಣ್ಣ ಬಾಯಿಯ ತನಕ ಹರಿದು ಬಂದೊಡನೆ ನೀರಿಗೆ ಹಾಕಿದರು. ಅರ್ಧ ಅಂಗುಲ ಮೋಟಾದ ಆ ಉಳಿ ಈಗ ಅಪ್ಪನ ಚೀಲದಲ್ಲಿದೆ, ಕೆಲಸ ಮಾಡುತ್ತದೆ. ಆದರೆ ತಿರುಪುಳಿಯ ಮೇಲೆ ಇದೇ ಪ್ರಯೋಗ ನಡೆಯಲಿಲ್ಲ. ಕಾಯಿಸಿ ಅದ್ದಿದರೂ ಅರವು ಮೊದಲಿನಂತೆಯೇ ಕಚ್ಚಿತು. “ಇದರೊಳಗೆ ಏನೂ ಇಲ್ಲ, ಏನು ಮಾಡಿದರೂ ಇಷ್ಟೇ” ಎಂದು ಅವರು ಅದನ್ನು ಬದಿಗೆ ಎಸೆದರು. ಅದು ಮೆದು ಉಕ್ಕಿನ ಕಡ್ಡಿ. ಮೇಲಿನ ಹೊಳಪು ಕ್ರೋಮಿಯಂ ಲೇಪ. ಹಿಡಿಯ ಮೇಲೆ ಮಾತ್ರ “ಕ್ರೋಮ್ ವನಾಡಿಯಂ” ಎಂದು ದೊಡ್ಡ ಅಕ್ಷರದಲ್ಲಿ ಅಚ್ಚೊತ್ತಿತ್ತು. ಅಚ್ಚೊತ್ತುವುದಕ್ಕೆ ವನಾಡಿಯಂ ಬೇಕಿಲ್ಲವಷ್ಟೆ.

ನಾವು ನಡೆದ ಈ ಮಾಗಡಿಯ ಸೀಮೆಗೆ ಉಕ್ಕು ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಸುತ್ತಲೂ ಕಬ್ಬಿಣದ ಕೆಲಸ ನಡೆಯುತ್ತಿದ್ದುದನ್ನು ಕಂಡಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳನ್ನಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಬೆಂಕಿಯಲ್ಲಿ ಬೇಯಿಸಿ ಉಕ್ಕು ಮಾಡುತ್ತಿದ್ದ ಕ್ರಮದ ವರ್ಣನೆಯಿದೆ. ತಂಗಡಿಯ ಕಡ್ಡಿ ಕೊಡುತ್ತಿದ್ದುದು ಇಂಗಾಲವನ್ನೇ. ಇನ್ನು ನಮ್ಮ ಕಾಲಕ್ಕೆ ಬಂದರೆ, ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಎಚ್.ಎಂ.ಟಿ. ಎಂಬ ಸಂಸ್ಥೆ 1953ರಲ್ಲಿ ಸ್ಥಾಪಿತವಾದದ್ದು ಇದೇ ಊರಿನಲ್ಲಿ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ಷೆಡ್ಡುಗಳಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಗೆ ಲೋಹವನ್ನು ಹೆರೆಯುವ ಕುಶಲಿಗಳಿದ್ದಾರೆ. ಇಂಥ ಊರಿನ ಬೀದಿಯಲ್ಲಿ ಬಾಗುವ ತಿರುಪುಳಿ ಮಾರಾಟವಾಗುತ್ತದೆ! ದೇಶಕ್ಕೆ ಒಳ್ಳೆಯ ಹತಾರ ಮಾಡಲು ಬಾರದೆಂದು ಹೇಳುವಂತೆಯೂ ಇಲ್ಲ. ಪಂಜಾಬಿನ ಜಲಂಧರ, ಲುಧಿಯಾನ, ರಾಜಸ್ಥಾನದ ನಾಗೌರ್ ಈ ಉದ್ಯಮಕ್ಕೆ ಹೆಸರಾದ ಊರುಗಳು. ಜಲಂಧರದ ಮಾಲು ಹೊರದೇಶಗಳಿಗೂ ಹೋಗುತ್ತದೆ.

ಹಾಗಾದರೆ ಕೆಟ್ಟ ಹತಾರವು ಒಳ್ಳೆಯದನ್ನು ಬೀದಿಯಿಂದ ಓಡಿಸುವುದು ಹೇಗೆ? ಈ ಪ್ರಶ್ನೆಗೆ ನನ್ನ ಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉತ್ತರವಿದೆ. ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಒಂದು ಲೇಖನ ಬರೆದರು; ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂತು. ಅವರ ವಾದದ ತಿರುಳು ಹೀಗೆ: ಮಾರುವವನಿಗೆ ವಸ್ತುವಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಒಂದು ಬೆಲೆಯನ್ನು ಮಾತ್ರ ಕೊಡಲು ಒಪ್ಪುತ್ತಾನೆ. ಆ ಬೆಲೆ ಒಳ್ಳೆಯ ವಸ್ತುವಿನ ಮಾಲಿಕನಿಗೆ ಗಿಟ್ಟುವುದಿಲ್ಲ; ಅವನು ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟದ್ದು. ಆಗ ಬೆಲೆ ಇನ್ನೂ ಇಳಿಯುತ್ತದೆ. ಉಳಿಯ ಬಾಯಿಯ ಇಂಗಾಲವನ್ನೂ ಹದವನ್ನೂ ಕಣ್ಣಿನಿಂದ ಕಾಣಲಾಗದು, ಕ್ರೋಮಿಯಂ ಹೊಳಪನ್ನು ಮಾತ್ರ ಕಾಣಬಹುದು. ತಯಾರಕನು ಕಾಣುವುದಕ್ಕೆ ಖರ್ಚು ಮಾಡಿ, ಕಾಣದ್ದರಲ್ಲಿ ಉಳಿತಾಯ ಮಾಡುತ್ತಾನೆ.

ಅಕರ್ಲಾಫರ ಮಾತಿಗೆ ನನ್ನ ಒಂದು ಸಣ್ಣ ತಕರಾರಿದೆ, ಗುರುಗಳು ಕ್ಷಮಿಸಬೇಕು. ನಮ್ಮ ಬೀದಿಯಲ್ಲಿ ಮಾರುವವನಿಗೂ ಗೊತ್ತಿಲ್ಲ. ತಳ್ಳುಗಾಡಿಯವನು ಬೆಳಿಗ್ಗೆ ಡಬ್ಬಿಗಳನ್ನು ಸಗಟಿಗೆ ತಂದು ಸಂಜೆ ಮಾರಿ ಮುಗಿಸುವವನು. ನಾನು ಹೋಗಿ ಕೇಳಿದ್ದರೆ ಅವನಾದರೂ ಏನು ಹೇಳಿಯಾನು? ಗೊತ್ತಿರುವವನು ಎಲ್ಲೋ ದೂರದಲ್ಲಿ, ಹೆಸರಿಲ್ಲದೆ ಕುಳಿತಿದ್ದಾನೆ. ಹಳೆಯ ಹಳ್ಳಿಯಲ್ಲಿ ಹೀಗಿರಲಿಲ್ಲ. ಕಮ್ಮಾರನು ಆಯಗಾರರಲ್ಲಿ ಒಬ್ಬ. ಒಕ್ಕಲಿನ ಗುಳ, ಕುಡುಗೋಲು, ಗುದ್ದಲಿಗಳನ್ನು ವರ್ಷವಿಡೀ ಸರಿಯಾಗಿಡುವುದು ಅವನ ಹೊಣೆ, ಸುಗ್ಗಿಯಲ್ಲಿ ಕಣದ ಧಾನ್ಯದ ಒಂದು ಪಾಲು ಅವನ ಆಯ. ಇದರಲ್ಲಿ ಒಂದು ಸ್ವಾರಸ್ಯವಿದೆ. ಕುಡುಗೋಲು ಮೂರು ದಿನಕ್ಕೆ ಬಾಗಿದರೆ ರೈತನು ನಾಲ್ಕನೆಯ ದಿನ ಕುಲುಮೆಯ ಮುಂದೆ ಬಂದು ಕೂರುತ್ತಾನೆ. ಆ ಹೆಚ್ಚಿನ ದುಡಿಮೆಗೆ ಹೆಚ್ಚಿನ ಧಾನ್ಯವಿಲ್ಲ. ಬಾಳಿಕೆ ಬರುವಂತೆ ಮಾಡುವುದೇ ಕಮ್ಮಾರನಿಗೆ ಲಾಭ. ಡಬ್ಬಿಯ ತಯಾರಕನಿಗಾದರೋ ಬೇಗ ಮುರಿದರೆ ಲಾಭ. ಆ ಪದ್ಧತಿ ಮನುಷ್ಯರನ್ನು ಹುಟ್ಟಿನಿಂದಲೇ ಒಂದು ಕಸುಬಿಗೆ, ಅಲ್ಪ ಪಾಲಿಗೆ ಕಟ್ಟಿಹಾಕುತ್ತಿತ್ತೆಂಬುದನ್ನು ನಾನು ಮರೆತಿಲ್ಲ. ಅದು ಮರಳಬೇಕೆಂದು ಬಡಗಿಯ ಮಗನಾದ ನಾನು ಹೇಗೆ ಹೇಳಲಿ? ತಪ್ಪಿಗೆ ಬೆಲೆ ತೆರುವವನು ಯಾರು ಎಂಬುದರ ಮೇಲೆ ವಸ್ತುವಿನ ಗುಣ ನಿಲ್ಲುತ್ತದೆಂಬಷ್ಟೇ ನನ್ನ ಮಾತು.

ಈ ಕಾಲದಲ್ಲಿ ಆ ಬೆಲೆಯನ್ನು ತೆರಿಸಲು ಎರಡು ದಾರಿಗಳಿವೆ. ಒಂದು, ಮಾನಕ. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ, 1987ರಿಂದ ಭಾರತೀಯ ಮಾನಕ ಬ್ಯೂರೋ ಆಗಿ, ಕೈಹತಾರಗಳಿಗೂ ನಿಯಮಗಳನ್ನು ಬರೆದಿಟ್ಟಿದೆ: ಉಕ್ಕಿನ ಸುತ್ತಿಗೆಗೆ ಐ.ಎಸ್. 841, ತಿರುಪುಳಿಗೆ ಐ.ಎಸ್. 844, ಸ್ಪ್ಯಾನರಿಗೆ ಐ.ಎಸ್. 2028, ಪ್ಲೇಯರಿಗೆ ಐ.ಎಸ್. 3650. ಐ.ಎಸ್.ಐ. ಗುರುತಿನೊಡನೆ ಪರವಾನಗಿಯ ಸಂಖ್ಯೆಯೂ ಇರಬೇಕು. ಬ್ಯೂರೋದ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ನಿಜವೋ ಸುಳ್ಳೋ ನೋಡಬಹುದು. ಇನ್ನೊಂದು, ಕಾನೂನು. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆ ಬಂದಿದ್ದು, ದೋಷವುಳ್ಳ ವಸ್ತುವಿನಿಂದ ಗಾಯವಾದರೆ ತಯಾರಕನನ್ನೇ ಹೊಣೆ ಮಾಡಲು ಅದರಲ್ಲಿ ಅವಕಾಶವಿದೆ. ಆದರೆ ನನ್ನ ಕೈಯಲ್ಲಿ ರಸೀದಿಯಿರಲಿಲ್ಲ, ಡಬ್ಬಿಯ ಮೇಲೆ ವಿಳಾಸವಿರಲಿಲ್ಲ. ಕಾನೂನು ಯಾರ ಬಾಗಿಲನ್ನು ತಟ್ಟಬೇಕು?

ಡಬ್ಬಿಯಲ್ಲಿ ಮಿಕ್ಕವುಗಳ ಕಥೆಯನ್ನು ಬೇಗ ಹೇಳುತ್ತೇನೆ. ಸುತ್ತಿಗೆಯ ತಲೆ ಎರಕದ್ದು. ಕಾವಿನ ಬೆಣೆ ಸಡಿಲವಾಗಿ ಮೊದಲನೆಯ ವಾರವೇ ತಲೆ ಅಲ್ಲಾಡತೊಡಗಿತು. ಅಂಥದನ್ನು ಎತ್ತಿ ಬೀಸುವವನಿಗಿಂತ ಎದುರಿಗೆ ನಿಂತವನಿಗೆ ಅಪಾಯ. ಒಳ್ಳೆಯ ಸುತ್ತಿಗೆಯ ಕಣ್ಣು ನಡುವೆ ಕಿರಿದಾಗಿ ಎರಡು ಕಡೆಗೂ ಅಗಲವಾಗಿರುತ್ತದೆ, ಬೆಣೆ ಹೊಡೆದಾಗ ಮರ ಅರಳಿ ಅಲ್ಲಿ ಹಿಡಿದುಕೊಳ್ಳುತ್ತದೆ. ಪ್ಲೇಯರನ್ನು ಬೆಳಕಿಗೆ ಹಿಡಿದರೆ ಬಾಯಿಗಳ ನಡುವೆ ಬೆಳಕು ತೂರುತ್ತಿತ್ತು. ತಂತಿ ಕತ್ತರಿಸಲಾರದು, ಅಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದರ ಹಿಡಿಯ ಕೆಂಪು ಪ್ಲಾಸ್ಟಿಕ್ ತೊಗಲು. ಅದು ವಿದ್ಯುತ್ತನ್ನು ತಡೆಯುತ್ತದೆಂದು ನಮ್ಮ ವಠಾರದ ಹುಡುಗರು ನಂಬಿದ್ದರು. ನಿಜವಾಗಿ ತಡೆಯುವ ಹತಾರದ ಮೇಲೆ ಒಂದರ ಮೇಲೊಂದು ಬಿದ್ದ ಎರಡು ತ್ರಿಕೋನಗಳ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ; ಇಲ್ಲದ್ದು ಬರಿಯ ಕೈಗೆ ಮೆತ್ತಗಿರಲಿ ಎಂದು ಹಾಕಿದ್ದು. ವಿದ್ಯುತ್ ಕೆಲಸಕ್ಕೆ ಕೈಹಾಕುವ ಮಿತ್ರರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು.

ಸ್ಕ್ರೂ ಸ್ಪ್ಯಾನರಿನ ದವಡೆ ಅಲ್ಲಾಡಿ ಅಲ್ಲಾಡಿ ನಮ್ಮ ಮನೆಯ ನಲ್ಲಿಯ ನಟ್ಟಿನ ಮೂಲೆಗಳನ್ನೆಲ್ಲ ದುಂಡಗೆ ಮಾಡಿತು. ಇದರಲ್ಲಿ ಅರ್ಧ ತಪ್ಪು ನನ್ನದು. ತಿರುಗಿಸುವಾಗ ಭಾರವು ಸ್ಥಿರವಾದ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು. ನಾನು ತಲೆಕೆಳಗಾಗಿ ಹಿಡಿದು ಎಳೆಯುತ್ತಿದ್ದೆ. ಇನ್ನೊಂದು ಅವಿವೇಕವನ್ನೂ ಒಪ್ಪಿಕೊಂಡುಬಿಡುತ್ತೇನೆ. ಅಪ್ಪನ ಅಳತೆ ಟೇಪಿನ ತುದಿಯ ಕೊಕ್ಕೆ ಲೊಡಲೊಡ ಎನ್ನುತ್ತಿತ್ತು. ಡಬ್ಬಿಯ ಅನುಭವದಿಂದ ಬುದ್ಧಿವಂತನಾಗಿದ್ದ ನಾನು, ಇದೂ ಕಳಪೆ ಮಾಲೆಂದು ಅದನ್ನು ಸುತ್ತಿಗೆಯಿಂದ ಬಡಿದು ಗಟ್ಟಿ ಮಾಡಿದೆ. ಆ ಕೊಕ್ಕೆ ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿಯಬೇಕೆಂದೂ, ಹೊರಗಿನಿಂದ ಸಿಕ್ಕಿಸಿ ಎಳೆದಾಗಲೂ ಒಳಗಿನಿಂದ ಒತ್ತಿ ಹಿಡಿದಾಗಲೂ ಅಳತೆ ಸರಿಬರಲು ಬೇಕೆಂದೇ ಹಾಗೆ ಮಾಡಿರುತ್ತಾರೆಂದೂ ಅಪ್ಪ ಹೇಳಿದಾಗ, ಒಂದು ಒಳ್ಳೆಯ ಟೇಪು ಹಾಳಾಗಿತ್ತು. ಈ ಸಲ ಮಾತ್ರ ಅವರು ಚೆನ್ನಾಗಿ ಬೈದರು.

ಆಮೇಲೆ ನಾವಿಬ್ಬರೂ ಎಸ್.ಪಿ. ರಸ್ತೆಗೆ ಹೋಗಿ ಒಂದೇ ಒಂದು ಉಳಿಯನ್ನು 540 ರೂಪಾಯಿ ಕೊಟ್ಟು, ರಸೀದಿ ಸಮೇತ ಕೊಂಡೆವು. ಅಂಗಡಿಯಲ್ಲಿ ಅಪ್ಪ ನೋಡಿದ ಕ್ರಮವನ್ನು ನಾನು ಈ ಬಾರಿ ಗಮನವಿಟ್ಟು ನೋಡಿದೆ. ಹೊಳಪಿನ ಕಡೆಗೆ ಅವರ ಕಣ್ಣು ಹೋಗಲಿಲ್ಲ. ಬೆನ್ನು ಸಮತಟ್ಟಾಗಿದೆಯೇ ಎಂದು ಗಾಜಿನ ಮೇಜಿನ ಮೇಲೆ ಮಲಗಿಸಿ ನೋಡಿದರು. ಉಕ್ಕು ಹಿಡಿಯೊಳಗೆ ನೇರವಾಗಿ ಕೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಉಗುರಿನ ಮೇಲೆ ಬಾಯಿಯನ್ನು ಆನಿಸಿದರು. ಜೊತೆಗೆ ಒಂದು ರಸಮಟ್ಟವೂ ಬೇಕಿತ್ತು. ಅದನ್ನು ಮೇಜಿನ ಮೇಲಿಟ್ಟು ಗುಳ್ಳೆ ನಿಂತ ಜಾಗವನ್ನು ನೋಡಿಕೊಂಡು, ಅದೇ ಸ್ಥಳದಲ್ಲಿ ತಿರುಗಿಸಿ ತಲೆ ಇದ್ದಲ್ಲಿ ಬಾಲ ಬರುವಂತೆ ಇಟ್ಟರು. ಗುಳ್ಳೆ ಎರಡು ಸಲವೂ ಒಂದೇ ಕಡೆಗೆ ವಾಲಿದರೆ ಮೇಜು ಡೊಂಕು, ಬೇರೆ ಬೇರೆ ತುದಿಗೆ ವಾಲಿದರೆ ರಸಮಟ್ಟವೇ ಡೊಂಕು. ಮೂರು ರಸಮಟ್ಟಗಳನ್ನು ತಿರುಗಿಸಿ ನೋಡಿ ನಾಲ್ಕನೆಯದನ್ನು ಆರಿಸಿಕೊಂಡರು. ಅಂಗಡಿಯವರು ಬೇಸರಿಸಲಿಲ್ಲ, “ಯಜಮಾನ್ರು ಗೊತ್ತಿರೋರು” ಎಂದು ನಕ್ಕರು.

ನಾನು ಡಬ್ಬಿ ತಂದ ದಿನವೂ ಅಪ್ಪ ಹೀಗೆಯೇ ಉಗುರಿನ ಮೇಲೆ ಉಳಿಯನ್ನು ಆನಿಸಿದ್ದರು. ಮೆಟ್ರೋದಲ್ಲಿ ವಿಜಯನಗರಕ್ಕೆ ಮರಳುವಾಗ ಧೈರ್ಯ ಮಾಡಿ ಕೇಳಿದೆ: “ಅಪ್ಪಾ, ಅವತ್ತೇ ನಿಮಗೆ ಗೊತ್ತಾಗಿತ್ತಲ್ಲವೆ?” ಅವರು ಕಿಟಕಿಯ ಹೊರಗೆ ನೋಡುತ್ತಾ, “ನಿನ್ನ ಸ್ಕಾಲರ್‌ಷಿಪ್ ದುಡ್ಡು ಕಣೋ ಅದು” ಎಂದರು. ಹೊಸಹಳ್ಳಿಯ ನಿಲ್ದಾಣ ಬರುವವರೆಗೂ ನಾವಿಬ್ಬರೂ ಮತ್ತೆ ಮಾತನಾಡಲಿಲ್ಲ.

ಡಬ್ಬಿಯ ತಿರುಪುಳಿಗಳಲ್ಲಿ ಒಂದು ಈಗಲೂ ಮನೆಯಲ್ಲಿದೆ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಅದನ್ನು ಬಳಸುತ್ತೇವೆ. ಕಳೆದ ತಿಂಗಳು ಅದಕ್ಕೂ ಬಾಗಿತು. ಅಪ್ಪ ಮೊಣಕಾಲಿನ ಮೇಲಿಟ್ಟು ನೆಟ್ಟಗೆ ಮಾಡಿ ಮತ್ತೆ ಗೂಡಿನಲ್ಲಿ ಇಟ್ಟಿದ್ದಾರೆ.